ಕರಿ ಕಡಲಸೌತೆ

ಕರಿ ಕಡಲಸೌತೆ ಉಷ್ಣವಲಯದ ಆಳವಿಲ್ಲದ ಕಡಲಿನಲ್ಲಿ, ಮರಳ ತಳದ ಮೇಲೆ ಬದುಕುವ ಅಕಶೇರುಕ. ನಕ್ಷತ್ರಮೀನುಗಳಂತೆ ಇದೂ ಕಂಟಕಚರ್ಮಿಗಳ ವಂಶಕ್ಕೆ ಸೇರಿದೆ. 1833ರಲ್ಲಿ ಯೇಗರ್ ಎಂಬ ವಿಜ್ಞಾನಿ ಮೊದಲು ವರ್ಣಿಸಿದ ಈ ಪ್ರಭೇದದ ಶಾಸ್ತ್ರೀಯ ಹೆಸರು ಹೊಲೊತೂರಿಯ ಆಟ್ರ.

ಸಾಮಾನ್ಯವಾಗಿ 20ರಿಂದ 30 ಸೆಂಟಿಮೀಟರ್ ಉದ್ದವಿರುವ ಇದರ ಮೈ ಉರುಟಾಗಿ, ಮೆತ್ತಗೆ, ಅಚ್ಚ ಕಪ್ಪಾಗಿರುತ್ತದೆ. ಆದರೆ ಆಳವಿಲ್ಲದ ನೀರಿನಲ್ಲಿ ಆ ಕಪ್ಪು ಪೂರ್ತಿಯಾಗಿ ಕಾಣಸಿಗುವುದು ಅಪರೂಪ, ಏಕೆಂದರೆ ಪ್ರಾಣಿ ತನ್ನ ಮೈಗೆಲ್ಲ ಸಣ್ಣ ಮರಳನ್ನು ಅಂಟಿಸಿಕೊಂಡಿರುತ್ತದೆ. ಹತ್ತಿರದಿಂದ ನೋಡಿದರೆ ಬೆನ್ನಿನ ಉದ್ದಕ್ಕೂ ಎರಡು ಸಾಲಿನಲ್ಲಿ ಮರಳಿಲ್ಲದ ದುಂಡನೆಯ ಕಪ್ಪು ಬೊಟ್ಟುಗಳು ಕಾಣುತ್ತವೆ. ಇದನ್ನು ಗುರುತಿಸಲು ಇಷ್ಟು ನಂಬಿಕೆಯ ಕುರುಹು ಬೇರೊಂದಿಲ್ಲ ಎನ್ನಬಹುದು. ಆಳದಲ್ಲಿರುವ ದೊಡ್ಡ ಪ್ರಾಣಿಗಳ ಮೈಮೇಲೆ ಈ ಮರಳಿನ ಹೊದಿಕೆ ಹೆಚ್ಚಾಗಿ ಇರುವುದಿಲ್ಲ. ಬಿಸಿಲು ನೇರವಾಗಿ ತಾಗುವ ತೆಳುನೀರಿನಲ್ಲಿ ಕರಿಮೈ ಬೇಗ ಕಾಯದಂತೆ ಅದು ಕಾಪಾಡುತ್ತದೆಂದು ತಿಳಿಯಲಾಗಿದೆ.

ಕೆಂಪು ಸಮುದ್ರ ಮತ್ತು ಪೂರ್ವ ಆಫ್ರಿಕಾದ ಕರಾವಳಿಯಿಂದ ಆಸ್ಟ್ರೇಲಿಯ, ಹವಾಯಿವರೆಗೆ, ಹವಳದ ದಿಬ್ಬಗಳ ಸಮತಟ್ಟು ಭಾಗಗಳಲ್ಲೂ ಕಡಲಹುಲ್ಲಿನ ಬಯಲುಗಳಲ್ಲೂ ಇದು ಹೇರಳವಾಗಿದೆ.

ಹಗಲಿನಲ್ಲಿಯೂ ಬಯಲಿನಲ್ಲೇ ಬಿದ್ದಿರುವ ಇದು ಜಡವಾಗಿ ತೋರುತ್ತದೆ, ಆದರೆ ಅದರ ಬಾಯಿಯ ಬಳಿ ಕೆಲಸ ನಡೆದೇ ಇರುತ್ತದೆ. ತುದಿ ಅಗಲವಾದ 20 ಗಿಡ್ಡ ಸ್ಪರ್ಶಾಂಗಗಳು ಸರದಿಯಂತೆ ಚಾಚಿ, ಮರಳನ್ನು ಒತ್ತಿ ಬಾಯಿಗೆ ತುಂಬುತ್ತವೆ. ಅದರಲ್ಲಿರುವ ಬ್ಯಾಕ್ಟೀರಿಯ, ಸೂಕ್ಷ್ಮ ಪಾಚಿ ಮತ್ತು ಕೊಳೆತ ಜೈವಿಕ ಅಂಶಗಳು ಜೀರ್ಣವಾಗಿ, ಉಳಿದ ಮರಳು ಹಿಂಬದಿಯಿಂದ ಉಂಡೆಯುಂಡೆಯಾಗಿ ಹೊರಬೀಳುತ್ತದೆ. ತಳದ ಮರಳು ಹೀಗೆ ಮತ್ತೆ ಮತ್ತೆ ಮಗುಚಿಕೊಳ್ಳುವುದೂ, ಅದರಲ್ಲಿ ಹುದುಗಿದ ಪೋಷಕಾಂಶಗಳು ನೀರಿಗೆ ಮರಳುವುದೂ ಹವಳದ ನೆರೆಹೊರೆಗೆ ಬಹಳ ದೊಡ್ಡ ಉಪಕಾರ. ಉಸಿರಾಟವೂ ಹಿಂಬದಿಯಿಂದಲೇ: ಗುದದ್ವಾರದ ಮೂಲಕ ಒಳಗೆಳೆದುಕೊಂಡ ನೀರು ಮರದಂತೆ ಕವಲೊಡೆದ ಅಂಗಗಳಿಗೆ ಹರಿದು ಆಮ್ಲಜನಕ ಒದಗಿಸುತ್ತದೆ.

ಕೆಲವು ಕಡಲಸೌತೆಗಳು ಕೆಣಕಿದಾಗ ಅಂಟಂಟಾದ ಬಿಳಿ ಎಳೆಗಳನ್ನು ಚಿಮ್ಮುತ್ತವೆ. ಕರಿ ಕಡಲಸೌತೆಗೆ ಆ ಸಾಧನವಿಲ್ಲ. ಮೈ ಉಜ್ಜಿದರೆ ಕೆನ್ನೇರಳೆ ಬಣ್ಣದ ದ್ರವ ಬಿಡುತ್ತದೆ. ಅದರ ದೇಹದಲ್ಲಿರುವ ಹೊಲೊತುರಿನ್ ಎಂಬ ವಸ್ತು ಮೀನುಗಳಿಗೆ ವಿಷ.

ಗಂಡು ಹೆಣ್ಣುಗಳು ವೀರ್ಯಾಣು, ಅಂಡಾಣುಗಳನ್ನು ನೀರಿಗೆ ಬಿಟ್ಟು ಸಂತಾನ ಪಡೆಯುವುದುಂಟು. ಅದಕ್ಕಿಂತ ಬೆರಗಾಗಿಸುವುದು ಇನ್ನೊಂದು ದಾರಿ: ಪ್ರಾಣಿಯ ನಡುಭಾಗ ಕುತ್ತಿಗೆಯಂತೆ ಕಿರಿದಾಗಿ, ತಿರುಚಿಕೊಂಡು, ಕೊನೆಗೆ ಮೈ ಎರಡು ತುಂಡಾಗುತ್ತದೆ. ಮುಂದಿನ ತುಂಡು ಹಿಂಭಾಗವನ್ನೂ, ಹಿಂದಿನ ತುಂಡು ಹೊಸ ಬಾಯಿ ಮತ್ತು ಸ್ಪರ್ಶಾಂಗಗಳನ್ನೂ ತಿಂಗಳುಗಟ್ಟಲೆ ಕಾಲ ತೆಗೆದುಕೊಂಡು ಬೆಳೆಸಿಕೊಳ್ಳುತ್ತವೆ. ತೆಳುನೀರಿನ ಹವಳದ ಬಯಲುಗಳಲ್ಲಿ ಚಿಕ್ಕ ಗಾತ್ರದ ಕರಿ ಕಡಲಸೌತೆಗಳು ಒತ್ತೊತ್ತಾಗಿ ಕಾಣುವುದಕ್ಕೆ ಮುಖ್ಯ ಕಾರಣ ಈ ಸೀಳುವಿಕೆಯೇ.