ಸ್ಕ್ರಿಪ್ಟ್‌ನಲ್ಲಿ ಒಂದು ಸಾಲು, ತೆರೆ ಮೇಲೆ ನಿಮಿಷಗಟ್ಟಲೆ

ಸಿನಿಮಾ ಸಂಕಲನ ಕಲಿಯಲು ಬರುವವರಿಗೆ ನಾನು ಜಪಾನಿನ ಯುದ್ಧಕಾಲದ ಚಿತ್ರಗಳನ್ನು ತೋರಿಸುತ್ತೇನೆ. ‘ಅವು ಬರೀ ಪ್ರಚಾರ ಅಲ್ವಾ ಸರ್?’ ಅಂತ ಕೇಳುತ್ತಾರೆ. ಹೌದು, ಪ್ರಚಾರವೇ. ಆದರೆ ಮಾತನ್ನು ಬದಿಗಿಟ್ಟು, ಯಾವ ಶಾಟ್ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಗಮನಿಸಿ. ಆ ವರ್ಷಗಳ ಮನಸ್ಸು ಅಲ್ಲಿ ಸಿಗುತ್ತದೆ.

ಚೀನಾ ಜೊತೆ ಯುದ್ಧ ಶುರುವಾದ ಮರುವರ್ಷ, 1938ರಲ್ಲಿ, ನಿರ್ದೇಶಕ ತಸಾಕಾ ತೊಮೊತಾಕಾ ಐವರು ಗಸ್ತು ಸೈನಿಕರ ಕಥೆಯನ್ನು ಚಿತ್ರ ಮಾಡಿದರು. ಶತ್ರು ಕಾಣುವುದೇ ಕಡಿಮೆ. ಗಸ್ತಿಗೆ ಹೋದವರಲ್ಲಿ ಒಬ್ಬ ವಾಪಸ್ ಬಂದಿಲ್ಲ, ಉಳಿದವರು ಕಾಯುತ್ತಾರೆ. ಚಿತ್ರದ ಜೀವ ಆ ಕಾಯುವಿಕೆಯಲ್ಲಿದೆ. 1939ರಲ್ಲಿ ಕಮೆಯ್ ಫುಮಿಯೊ ಇನ್ನೂ ಮುಂದೆ ಹೋದರು. ವುಹಾನ್ ಕಡೆ ಸಾಗುವ ಸೇನೆಯ ಬಗ್ಗೆ ಅವರು ಮಾಡಿದ ಸಾಕ್ಷ್ಯಚಿತ್ರದಲ್ಲಿ, ದಾರಿಯಲ್ಲಿ ಬಿಟ್ಟುಹೋದ ಕುದುರೆಯೊಂದು ನಿಲ್ಲಲಾಗದೆ ಕುಸಿಯುತ್ತದೆ. ಕ್ಯಾಮೆರಾ ಕದಲುವುದಿಲ್ಲ. ಹೆಸರೇನೋ ‘ಹೋರಾಡುವ ಸೈನಿಕರು’, ಆದರೆ ಜನ ‘ದಣಿದ ಸೈನಿಕರು’ ಅಂದರು. ಚಿತ್ರಕ್ಕೆ ಬಿಡುಗಡೆ ಸಿಗಲಿಲ್ಲ. 1941ರಲ್ಲಿ ಕಮೆಯ್ ಜೈಲು ಸೇರಿದರು, ನಿರ್ದೇಶಕನ ಲೈಸೆನ್ಸೂ ಹೋಯಿತು.

ಲೈಸೆನ್ಸ್ ಅನ್ನುವುದು ಬಂದದ್ದು 1939ರ ಚಲನಚಿತ್ರ ಕಾಯ್ದೆಯಿಂದ. ಶೂಟಿಂಗ್‌ಗೂ ಮೊದಲೇ ಸ್ಕ್ರಿಪ್ಟ್ ತಪಾಸಣೆ ಆಗಬೇಕಿತ್ತು. ನಂತರ ಹವಾಯಿಯಲ್ಲಿರುವ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ, ಗೆಲುವಿನ ಅಮಲು. ಆ ದಾಳಿಗೆ ವರ್ಷ ತುಂಬುವ ಹೊತ್ತಿಗೆ, 1942ರ ಡಿಸೆಂಬರ್‌ನಲ್ಲಿ, ತೋಹೊ ಸಂಸ್ಥೆ ಹವಾಯಿ-ಮಲಯ ಸಮುದ್ರಯುದ್ಧದ ಚಿತ್ರವನ್ನು ತೆರೆಗೆ ತಂದಿತು. ಸ್ಪೆಷಲ್ ಎಫೆಕ್ಟ್ಸ್ ತಜ್ಞ ತ್ಸುಬುರಾಯಾ ಏಜಿ ಅವರು ಬಂದರಿನ, ಹಡಗುಗಳ ಮಾದರಿ ಕಟ್ಟಿ ದಾಳಿಯನ್ನು ಸೃಷ್ಟಿಸಿದರು. ಕೆಲಸದ ದೃಷ್ಟಿಯಿಂದ ಅದು ಅಚ್ಚರಿಯೇ. ಆದರೆ ಮನಸ್ಸಿನಲ್ಲಿ ಉಳಿಯುವ ಮುಖಗಳು ನನಗಂತೂ ಅದರಲ್ಲಿ ಸಿಗಲಿಲ್ಲ.

1944ಕ್ಕೆ ಬಂದರೆ ಗೆಲುವಿನ ಸದ್ದು ಅಡಗಿದೆ. ಕುರೊಸಾವಾ ಅವರ ಚಿತ್ರದಲ್ಲಿ ಲೆನ್ಸ್ ಕಾರ್ಖಾನೆಯ ಹುಡುಗಿ ತಾಯಿ ತೀರಿಹೋದರೂ ಊರಿಗೆ ಹೋಗದೆ, ಅಳುತ್ತಲೇ ಕೆಲಸಕ್ಕೆ ಕೂರುತ್ತಾಳೆ. ಈಗ ಚಿತ್ರ ಜನರಿಂದ ಬಯಸುತ್ತಿರುವುದು ಉತ್ಸಾಹವನ್ನಲ್ಲ, ಸಹನೆಯನ್ನು.

ಅದೇ ವರ್ಷದ ಕೊನೆಗೆ ಕಿನೋಷಿತಾ ಕೇಸುಕೆ ಅವರ ‘ರಿಕುಗುನ್’ ಬಂತು. ಹೆಸರಿನ ಅರ್ಥವೇ ಭೂಸೇನೆ. ಮಗನನ್ನು ಸೈನಿಕನಾಗಿ ಬೆಳೆಸುವ ಮನೆತನದ ಕಥೆ, ಸೇನೆಯ ಬೆಂಬಲದಿಂದಲೇ ತಯಾರಾದದ್ದು. ಕೊನೆಯ ದೃಶ್ಯಕ್ಕೆ ಸ್ಕ್ರಿಪ್ಟ್‌ನಲ್ಲಿ ಇದ್ದದ್ದು, ತಾಯಿ ಮಗನನ್ನು ಬೀಳ್ಕೊಡುತ್ತಾಳೆ ಅನ್ನುವಷ್ಟೇ. ತೆರೆಯ ಮೇಲೆ ಏನಾಗುತ್ತದೆ ನೋಡಿ. ತಾಯಿಯಾಗಿ ತನಾಕಾ ಕಿನುಯೊ ಒಬ್ಬಳೇ ಮನೆಯಲ್ಲಿ ಕೂತು, ಸೈನಿಕರಿಗೆ ಚಕ್ರವರ್ತಿ ಕೊಟ್ಟ ಆದೇಶವನ್ನು ಗುನುಗುತ್ತಾಳೆ. ದೂರದಲ್ಲಿ ಕಹಳೆ ಕೇಳುತ್ತದೆ. ಎದ್ದು ಓಡುತ್ತಾಳೆ. ಬೀದಿ ತುಂಬ ಬಾವುಟ, ಜಯಘೋಷ. ಅವಳಿಗೆ ಬೇಕಾದದ್ದು ಒಂದೇ ಮುಖ. ಸಾಲಿನಲ್ಲಿ ಮಗ ಸಿಗುತ್ತಾನೆ, ಅವಳು ಪಕ್ಕದಲ್ಲೇ ಓಡುತ್ತಾಳೆ, ಕ್ಯಾಮೆರಾವೂ ಜೊತೆಗೇ ಓಡುತ್ತದೆ. ಜನರ ನೂಕುನುಗ್ಗಲಿಗೆ ಬೀಳುತ್ತಾಳೆ. ಕೊನೆಗೆ ಕೈ ಮುಗಿದು ನಿಲ್ಲುತ್ತಾಳೆ.

ಇಡೀ ಓಟದಲ್ಲಿ ಮಾತು ಇಲ್ಲವೆಂದೇ ಹೇಳಬಹುದು. ಕಟ್ ಮಾಡಿ ಅನ್ನಲು ಸೆನ್ಸಾರ್‌ನವರಿಗೆ ಒಂದು ತಪ್ಪು ಸಾಲೂ ಸಿಗುವುದಿಲ್ಲ. ಇದೇ ದೃಶ್ಯವನ್ನು ಅರ್ಧ ನಿಮಿಷಕ್ಕೆ ಇಳಿಸಿದ್ದರೆ ಅದು ದೇಶಭಕ್ತ ತಾಯಿಯ ಬೀಳ್ಕೊಡುಗೆ ಆಗುತ್ತಿತ್ತು. ಕಿನೋಷಿತಾ ಇಳಿಸಲಿಲ್ಲ. ನೋಡುನೋಡುತ್ತಾ ಅದು ಮಗನನ್ನು ಕಳಿಸಲೊಲ್ಲದ ತಾಯಿಯ ದೃಶ್ಯವಾಗುತ್ತದೆ.

ಸೇನೆಗೆ ಇದು ಅರ್ಥವಾಯಿತು, ಸಿಟ್ಟೂ ಬಂತು. ಕಿನೋಷಿತಾ ಅವರ ಮುಂದಿನ ಚಿತ್ರ ತೆರೆಗೆ ಬಂದದ್ದು ಯುದ್ಧ ಮುಗಿದ ಮೇಲೆ, 1946ರಲ್ಲಿ.