ಹೆದ್ದಾರಿಗೆ ಕವಲಿದೆ, ತಂಗುದಾಣವಿಲ್ಲ

ಹೆದ್ದಾರಿಯಲ್ಲಿ ಓಡಾಡುವವರು ಗಮನಿಸಿರುತ್ತೀರಿ. ಮುಖ್ಯ ರಸ್ತೆಯಿಂದ ಎಡಕ್ಕೆ ನುಣ್ಣಗೆ ಕವಲೊಡೆದು, ಒಂದಿಷ್ಟು ದೂರ ಸಾಗಿ, ಮಣ್ಣಿನ ದಿಬ್ಬಕ್ಕೋ ಕಾಂಕ್ರೀಟ್ ಬ್ಲಾಕಿಗೋ ತಾಗಿ ನಿಂತುಹೋಗುವ ಡಾಂಬರಿನ ತುಂಡುಗಳಿವೆ. ಬಿಳಿ ಪಟ್ಟಿ ಎಳೆದಿರುತ್ತದೆ, ಕೆಲವು ಕಡೆ ದೀಪದ ಕಂಬಕ್ಕೆ ಅಡಿಪಾಯವೂ ಇರುತ್ತದೆ. ಅದರಾಚೆ ಜಾಲಿ ಮುಳ್ಳು. ‘ಇದನ್ನ ಯಾಕೆ ಮಾಡಿದ್ರು ಸಾರ್, ದುಡ್ಡು ಹೊಡೆಯೋಕಾ?’ ಎಂದು ಕೇಳದವರಿಲ್ಲ. ಹೆದ್ದಾರಿ ವಿನ್ಯಾಸ ನನ್ನ ಕಸುಬು, ಚಿತ್ರದುರ್ಗ–ದಾವಣಗೆರೆ ಸೀಮೆಯ ರಸ್ತೆಗಳ ನಕ್ಷೆಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ನಾನು ಕಂಡ ಮಟ್ಟಿಗೆ ಬಹುಪಾಲು ಕಡೆ ಕಾರಣ ಬೇರೆ. ನಕ್ಷೆಯಲ್ಲಿ ಆ ಕವಲಿನಾಚೆ ಒಂದು ತಂಗುದಾಣವಿತ್ತು: ಲಾರಿ ನಿಲ್ಲುವ ಜಾಗವಿತ್ತು, ಶೌಚಾಲಯವಿತ್ತು, ಕ್ಯಾಂಟೀನ್ ಇತ್ತು. ಕವಲು ರಸ್ತೆಯ ಗುತ್ತಿಗೆಯಲ್ಲಿ ಸೇರಿತು, ಉಳಿದದ್ದು ಬೇರೆ ಟೆಂಡರಿಗೆ ಹೋಯಿತು. ಆ ಟೆಂಡರನ್ನು ಯಾರೂ ಹಿಡಿಯಲಿಲ್ಲ.

ಯಾಕೆ ಹಿಡಿಯುವುದಿಲ್ಲ ಎನ್ನುವುದಕ್ಕೆ ಮೊದಲು, ಆ ಜಾಗ ಯಾಕೆ ಬೇಕಿತ್ತು ಎಂಬುದನ್ನು ನೋಡೋಣ. ಬೆಂಗಳೂರಿನಿಂದ ಚಿತ್ರದುರ್ಗ ಸುಮಾರು 200 ಕಿ.ಮೀ. ಹಗಲು ಹೊತ್ತು ನಗರದೊಳಗೆ ಭಾರೀ ವಾಹನಗಳಿಗೆ ನಿರ್ಬಂಧ ಇರುವುದರಿಂದ ಲೋಡಾದ ಲಾರಿ ರಾತ್ರಿ 10–11ರ ಮೇಲೆ ಹೊರಡುತ್ತದೆ. ಟೋಲ್, ಟೀ ಎಲ್ಲಾ ಸೇರಿ ಗಂಟೆಗೆ ಸರಾಸರಿ 40 ಕಿ.ಮೀ. ಹಿಡಿದರೆ ಹಿರಿಯೂರು, ಐಮಂಗಲ ದಾಟಿ ದುರ್ಗದ ಹತ್ತಿರ ಬರುವಾಗ ಬೆಳಗಿನ ಜಾವ 3–4 ಗಂಟೆ. ಮನುಷ್ಯನ ಕಣ್ಣು ತಾನಾಗಿ ಮುಚ್ಚುವ ಹೊತ್ತು ಅದು. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳುತ್ತಿದ್ದುದೂ ಇದನ್ನೇ: ದಿನಕ್ಕೆ 8 ಗಂಟೆ ಕೆಲಸ, 5 ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು. ಆ 5 ಗಂಟೆ ಮುಗಿಯುವುದು ಸರಿಯಾಗಿ ನಮ್ಮ ಜಿಲ್ಲೆಯಲ್ಲಿ. ಸಾಲದ್ದಕ್ಕೆ ಹೊಸಪೇಟೆ ಕಡೆಯಿಂದ ಬರುವ ರಾಷ್ಟ್ರೀಯ ಹೆದ್ದಾರಿ 50 ಇಲ್ಲೇ ಬಂದು ನಮ್ಮ ಈ ಹೆದ್ದಾರಿ 48ಕ್ಕೆ ಸೇರುತ್ತದೆ. ಹಳೆಯವರು ಎನ್‌ಎಚ್ 4 ಎಂದೇ ಕರೆಯುವ ಈ ರಸ್ತೆಯಲ್ಲಿ ಲಾರಿಯವನಿಗೆ ಮಲಗಲು ಜಾಗ ಎಲ್ಲಿ ಬೇಕು ಎಂದು ಯಾರಾದರೂ ಕೇಳಿದರೆ, ಹಿರಿಯೂರಿನಿಂದ ದಾವಣಗೆರೆಯವರೆಗಿನ ಭಾಗಕ್ಕೇ ನಾನು ಬೆರಳಿಡುತ್ತೇನೆ.

ಜಾಗ ಇಲ್ಲದಾಗ ಅವನು ಎಲ್ಲಿ ನಿಲ್ಲಿಸುತ್ತಾನೆ? ರಸ್ತೆಯ ಅಂಚಿನಲ್ಲಿ. ಹಳೆಯ ನಾಲ್ಕು ಪಥದ ವಿನ್ಯಾಸದಲ್ಲಿ ಡಾಂಬರು ಹಾಕಿದ ಅಂಚಿನ ಅಗಲ ಒಂದೂವರೆ ಮೀಟರ್. ಲಾರಿಯ ಅಗಲ ಎರಡೂವರೆ ಮೀಟರ್. ಆಚೆಯ ಮಣ್ಣಿನ ಅಂಚು ಮಳೆಗೆ ಕೊರೆದುಹೋಗಿದ್ದರೆ ಚಾಲಕ ಚಕ್ರ ಇಳಿಸುವುದಿಲ್ಲ. ಹಾಗಾಗಿ ಗಾಡಿಯ ಒಂದು ಮೀಟರ್ ಭಾಗ ಓಡುವ ಪಥದೊಳಗೇ ಉಳಿಯುತ್ತದೆ. ಹಿಂದಿನಿಂದ ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುವ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಅದರ ಚಾಲಕನೂ ತೂಕಡಿಸುತ್ತಿದ್ದು ಎರಡು ಸೆಕೆಂಡು ಕಣ್ಣು ಮುಚ್ಚಿದನೆಂದರೆ 44 ಮೀಟರ್ ಕುರುಡಾಗಿ ಓಡಿದ ಹಾಗೆ. ‘ನಿಂತಿದ್ದ ಲಾರಿಗೆ ಹಿಂಬದಿಯಿಂದ ಡಿಕ್ಕಿ’ ಎಂದು ಪತ್ರಿಕೆಯಲ್ಲಿ ಓದುತ್ತೀರಲ್ಲ, ಆ ನಾಲ್ಕು ಸಾಲಿನ ಸುದ್ದಿಯ ಹಿಂದೆ ಅನೇಕ ಸಲ ಇರುವುದು ಕಟ್ಟದೆ ಬಿಟ್ಟ ಒಂದು ತಂಗುದಾಣ. ‘ಗಾಡಿ ಅಲ್ಲಿ ನಿಲ್ಲಿಸಬಾರದಿತ್ತು’ ಎಂದು ಚಾಲಕನ ಮೇಲೆ ಕೇಸು ಹಾಕುವುದು ಸುಲಭ. ಒಬ್ಬ ಲಾರಿ ಚಾಲಕ ನನಗೆ ಹೇಳಿದ್ದಿಷ್ಟು: ‘ನಿದ್ದೆ ಬಂದಾಗ ಜಾಗ ಹುಡುಕ್ತಾ ಇನ್ನೂ ಐವತ್ತು ಕಿಲೋಮೀಟ್ರು ಹೋಗೋಕಾಗುತ್ತಾ ಸಾರ್?’

ತಂಗುದಾಣ ಎಂದರೆ ಕಟ್ಟಡ ಎಂದು ಎಲ್ಲರೂ ತಿಳಿಯುತ್ತಾರೆ. ನಮಗೆ, ನಕ್ಷೆ ಬರೆಯುವವರಿಗೆ, ಅದು ಮೊದಲು ಜಮೀನು. ಹೆದ್ದಾರಿಗೆ ಸಾಮಾನ್ಯವಾಗಿ 60 ಮೀಟರ್ ಅಗಲದ ಪಟ್ಟಿ ಸ್ವಾಧೀನವಾಗುತ್ತದೆ. ತಂಗುದಾಣ ಬರುವಲ್ಲಿ ಆ ಪಟ್ಟಿ ಎರಡೂ ಬದಿ ಹೊಟ್ಟೆ ಬಿಟ್ಟಂತೆ ಉಬ್ಬಬೇಕು. ಒಂದು ಲಾರಿ ನಿಂತು, ತಿರುಗಿ, ಹೊರಹೋಗಲು ಓಡಾಟದ ಜಾಗವೂ ಸೇರಿ ಸುಮಾರು 200 ಚದರ ಮೀಟರ್ ಬೇಕು. 40 ಲಾರಿಗೆ ಒಂದು ಬದಿಯಲ್ಲೇ ಎರಡು ಎಕರೆ. ಯೋಜನೆಯ ವೆಚ್ಚ ಏರಿ ಎಲ್ಲಾದರೂ ಕಡಿಮೆ ಮಾಡಬೇಕೆಂದಾಗ ಕತ್ತರಿ ಮೊದಲು ಬೀಳುವುದು ಈ ಉಬ್ಬಿಗೆ. ಸೇತುವೆ ಬಿಟ್ಟರೆ ರಸ್ತೆ ಮುಂದೆ ಹೋಗುವುದಿಲ್ಲ, ತಂಗುದಾಣ ಬಿಟ್ಟರೆ ರಸ್ತೆ ಪೂರ್ತಿಯಾದಂತೆಯೇ ಕಾಣುತ್ತದೆ. ಪ್ರಗತಿಯನ್ನು ಕಿಲೋಮೀಟರಿನಲ್ಲಿ ಅಳೆಯುವ ತನಕ ಇದು ಹೀಗೇ. ಒಮ್ಮೆ ರಸ್ತೆ ಓಡಲು ಶುರುವಾದ ಮೇಲೆ ಅಕ್ಕಪಕ್ಕದ ಎಕರೆಯ ಬೆಲೆ ಎಲ್ಲಿಗೋ ಹೋಗಿರುತ್ತದೆ, ಆಮೇಲೆ ಆ ಜಮೀನು ಕೊಳ್ಳುವ ಮಾತು ಯಾರೂ ಎತ್ತುವುದಿಲ್ಲ.

ಇದರಲ್ಲಿ ರೈತನ ಪಾಡು ಯಾರಿಗೂ ಕಾಣುವುದಿಲ್ಲ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಪ್ರಕಾರ ಮೊದಲು ಕಲಂ 3ಎ ಅಡಿ ‘ಈ ಜಮೀನು ಬೇಕು’ ಎಂಬ ಅಧಿಸೂಚನೆ, ಆಮೇಲೆ 3ಡಿ ಅಡಿ ಸ್ವಾಧೀನದ ಘೋಷಣೆ. ಒಂದು ವರ್ಷದೊಳಗೆ 3ಡಿ ಆಗದಿದ್ದರೆ 3ಎ ತಾನಾಗಿ ಬಿದ್ದುಹೋಗುತ್ತದೆ. ಆ ಒಂದು ವರ್ಷ ಜಮೀನು ಮಾರಲು ಗಿರಾಕಿ ಸಿಗುವುದಿಲ್ಲ, ಕೊಳವೆಬಾವಿ ಕೊರೆಸಲು ಧೈರ್ಯ ಬರುವುದಿಲ್ಲ, ಮಗಳ ಮದುವೆಗೆ ಸಾಲ ಕೇಳಿದರೆ ಬ್ಯಾಂಕಿನವರು ಅನುಮಾನದಿಂದ ನೋಡುತ್ತಾರೆ. 3ಡಿ ಆಯಿತೋ, ಜಮೀನು ಯಾವ ಋಣಭಾರವೂ ಇಲ್ಲದೆ ಕೇಂದ್ರ ಸರ್ಕಾರಕ್ಕೆ ಸೇರುತ್ತದೆ. ಪರಿಹಾರ ಸಿಗುತ್ತದೆ, ನಿಜ. ಆದರೆ ತಾನು ಮೆಕ್ಕೆಜೋಳ ಬೆಳೆಯುತ್ತಿದ್ದ ಕರಿಮಣ್ಣಿನಲ್ಲಿ ವರ್ಷಗಟ್ಟಲೆ ಜಾಲಿ ಬೆಳೆಯುವುದನ್ನು ಪಕ್ಕದ ಹೊಲದಲ್ಲಿ ನಿಂತು ನೋಡುವ ಹಿರಿಯರನ್ನು ನಾನು ಬಲ್ಲೆ. ‘ರಸ್ತೆಗೆ ಅಂದ್ರು, ಕೊಟ್ವಿ. ರಸ್ತೇನೂ ಬರ್ಲಿಲ್ಲ ಇಲ್ಲಿ, ನಮಗೂ ಉಳೀಲಿಲ್ಲ’ ಎನ್ನುವ ಅವರ ಮಾತಿಗೆ ಯಾವ ಎಂಜಿನಿಯರನ ಬಳಿಯೂ ಉತ್ತರವಿಲ್ಲ.

ಬಳಕೆಗೆ ಬಾರದ ಕವಲು ಸುಮ್ಮನೆ ಬಿದ್ದಿರುತ್ತದೆ ಎಂದುಕೊಳ್ಳಬೇಡಿ. ಸುಗ್ಗಿಯಲ್ಲಿ ಅಂಥ ಒಂದು ತುಂಡಿನ ಮೇಲೆ ಮೆಕ್ಕೆಜೋಳ ಹರಡಿರುವುದನ್ನು ಹತ್ತಿರದಿಂದ ನೋಡಿದ್ದೇನೆ. ಕಾಳು ಜಾರದಂತೆ ಅಂಚಿಗೆ ಸಾಲಾಗಿ ಕಲ್ಲು ಜೋಡಿಸಿದ್ದರು, ಆ ಕಲ್ಲುಗಳು ಬಿಳಿ ಪಟ್ಟಿಯನ್ನೂ ದಾಟಿ ಓಡುವ ಪಥಕ್ಕೆ ಗೇಣುದ್ದ ಹತ್ತಿರವಿದ್ದವು. ಕಾಳು ತುಂಬಿಕೊಂಡು ಹೋದ ಮೇಲೂ ಕಲ್ಲು ಅಲ್ಲೇ ಉಳಿದಿದ್ದವು. ಅದಕ್ಕಿಂತ ಅಪಾಯ ಇನ್ನೊಂದಿದೆ. ರಾತ್ರಿ ಮಳೆಯಲ್ಲಿ ಎಡಗಡೆಯ ಬಿಳಿ ಗೆರೆಯನ್ನೇ ನಂಬಿ ಬರುವ ಚಾಲಕನನ್ನು ಆ ಗೆರೆ ಕವಲಿನೊಳಕ್ಕೆ ಎಳೆದುಕೊಳ್ಳುತ್ತದೆ. ಮುಂದೆ ದಾರಿಯಿಲ್ಲ ಎಂದು ತಿಳಿದಾಗ ಅವನು ಹೆದ್ದಾರಿಗೆ ಹಿಮ್ಮುಖವಾಗಿ ಬರುತ್ತಾನೆ. ಕವಲನ್ನು ತೆರೆಯುವುದಿಲ್ಲವೆಂದ ಮೇಲೆ ಕವಲಿನತ್ತ ತಿರುಗುವ ಗೆರೆಯನ್ನು ಪೂರ್ತಿ ಕೆರೆದು ತೆಗೆದು, ಮುಖ್ಯ ರಸ್ತೆಯ ಅಂಚಿನ ಗೆರೆಯನ್ನು ನೇರವಾಗಿ ಮುಂದುವರಿಸಬೇಕು, ಅಲ್ಲಿ ಪ್ರತಿಫಲಕ ಹಚ್ಚಿದ ಬ್ಯಾರಿಯರ್ ಇಡಬೇಕು. ಒಂದು ದಿನದ ಕೆಲಸ ಇದು. ಮಾಡಿಸದೆ ಬಿಡುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ಇದು ನಮ್ಮ ದೇಶದ ಕಥೆ ಮಾತ್ರವೂ ಅಲ್ಲ. ಬ್ರಿಟನ್ನಿನಲ್ಲಿ ಎಂ11 ಮೋಟಾರ್‌ವೇಯ ಜಂಕ್ಷನ್ ಸಂಖ್ಯೆ ಶುರುವಾಗುವುದೇ 4ರಿಂದ, ಎಂ23ರದ್ದು 7ರಿಂದ. ಲಂಡನ್ ಒಳಕ್ಕೆ ಹೋಗಬೇಕಿದ್ದ ಭಾಗಗಳನ್ನು ಕಟ್ಟಲೇ ಇಲ್ಲ. ನಗರದೊಳಗಿನ ವರ್ತುಲ ಮೋಟಾರ್‌ವೇಗಳ ದೊಡ್ಡ ಯೋಜನೆಯನ್ನು 1973ರಲ್ಲಿ ಅಲ್ಲಿನ ನಗರಾಡಳಿತ ಕೈಬಿಟ್ಟಿತು. ಎಂ1ರ 3ನೇ ಜಂಕ್ಷನ್ ಬರಬೇಕಿದ್ದ ಕಡೆ ಈಗ ಇರುವುದು ತಂಗುದಾಣ. ಜಂಕ್ಷನ್ ಬರಲಿಲ್ಲ ಎಂದು ಜಾಗವನ್ನು ಪಾಳು ಬಿಡದೆ ಪ್ರಯಾಣಿಕರಿಗೆ ಕೊಟ್ಟರು. ನನಗೆ ಹೆಚ್ಚು ಹಿಡಿಸಿದ್ದು ಎಂ1ರ ಮೊದಲ ದಿನದ ಸಂಗತಿ. 1959ರ ನವೆಂಬರ್ 2ರಂದು ರಸ್ತೆ ತೆರೆದ ದಿನವೇ ವಾಟ್‌ಫರ್ಡ್ ಗ್ಯಾಪ್ ಎಂಬಲ್ಲಿ ತಂಗುದಾಣವೂ ತೆರೆಯಿತು. ಊಟದ ಕಟ್ಟಡ ಇನ್ನೂ ಸಿದ್ಧವಿರಲಿಲ್ಲ, ಶೆಡ್ಡಿನಲ್ಲೇ ತಿಂಡಿ ಮಾರಿದರು. ನಾವು 119 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿಯನ್ನು 2023ರ ಮಾರ್ಚಿನಲ್ಲಿ ಉದ್ಘಾಟಿಸಿದಾಗ ಅದರಲ್ಲಿ ಪ್ರಯಾಣಿಕರಿಗೆ ತಂಗುದಾಣ ಇರಲಿಲ್ಲ.

ನಮ್ಮಲ್ಲಿ ನೀತಿಗೆ ಬರವಿಲ್ಲ. 40–60 ಕಿ.ಮೀ.ಗೊಂದು ತಂಗುದಾಣ ಎಂಬ ಮಾತು ಹಳೆಯದು. ‘ಹೈವೇ ವಿಲೇಜ್’, ‘ಹೈವೇ ನೆಸ್ಟ್’ ಎಂಬ ಹೆಸರುಗಳು ಬಂದವು, 2024ರ ಅಕ್ಟೋಬರಿನಲ್ಲಿ ‘ಹಮ್‌ಸಫರ್’ ನೀತಿ ಬಂತು. ತೊಡಕು ಇರುವುದು ನಾವು ಕೇಳುವ ಗಾತ್ರದಲ್ಲಿ. ಫುಡ್ ಕೋರ್ಟ್, ಪೆಟ್ರೋಲ್ ಬಂಕ್, ಹೋಟೆಲ್ ರೂಮು ಎಲ್ಲವನ್ನೂ ಒಂದೇ ಟೆಂಡರಿನಲ್ಲಿ ಕಟ್ಟಿ, ವರ್ಷಕ್ಕಿಷ್ಟು ಬಾಡಿಗೆ ಕೊಡಿ ಎನ್ನುತ್ತೇವೆ. ಟೆಂಡರು ಹಿಡಿಯಲು ಬರುವವನು ಮೊದಲು ನೋಡುವುದು ಎದುರಿನ ಡಾಬಾಗಳನ್ನು. ಸರ್ವಿಸ್ ರಸ್ತೆಯಲ್ಲಿ ಈಗಾಗಲೇ ಬೆಣ್ಣೆದೋಸೆಯ ಹೋಟೆಲಿದೆ, ಮಂಡಕ್ಕಿ ಮಿರ್ಚಿ ಇದೆ, ಚಾಲಕನಿಗೆ ಊಟ ಬಿಟ್ಟಿ ಕೊಡುವ ಡಾಬಾ ಇದೆ. ಎರಡನೆಯದು ನೀರು. ಚಿತ್ರದುರ್ಗದಂಥ ಕಡಿಮೆ ಮಳೆಯ ಸೀಮೆಯಲ್ಲಿ ನೂರಾರು ಜನ ಬಳಸುವ ಶೌಚಾಲಯಕ್ಕೆ ಬರೀ ಕೊಳವೆಬಾವಿ ನಂಬಿ ದುಡ್ಡು ಹಾಕಲು ಯಾರಿಗೂ ಧೈರ್ಯ ಬರುವುದಿಲ್ಲ. ಬೆಸ್ಕಾಂ ಲೈನು ಎಳೆಸುವ ಖರ್ಚೂ ಅವನ ತಲೆಗೇ. ಹೀಗಾಗಿ ಟೆಂಡರ್ ಮತ್ತೆ ಕರೆಯುತ್ತಾರೆ, ಮತ್ತೆ ಖಾಲಿ ಹೋಗುತ್ತದೆ, ಕವಲಿನ ಬಾಯಿಗೆ ಬ್ಲಾಕು ಬೀಳುತ್ತದೆ.

ದೊಡ್ಡದಕ್ಕೆ ಕಾಯುವುದನ್ನು ನಿಲ್ಲಿಸೋಣ ಎನ್ನುವುದೇ ನನ್ನ ವಾದ. ಕವಲಿದ್ದು, ಅದರಾಚೆ ಜಮೀನು ಸರ್ಕಾರದ ಕೈಯಲ್ಲಿರುವ ಕಡೆಯೆಲ್ಲ ಮೊದಲು ಗ್ರಾವೆಲ್ ಹಾಸಿ ರೋಲರ್ ಹೊಡೆದು ಸಮತಟ್ಟು ಮಾಡಿ. ನಾಲ್ಕು ಕಂಬಕ್ಕೆ ಸೋಲಾರ್ ದೀಪ, ಒಂದು ನೀರಿನ ಟ್ಯಾಂಕು, ಹೆಂಗಸರಿಗೆ ಗಂಡಸರಿಗೆ ಬೇರೆ ಬೇರೆ ಶೌಚಾಲಯ. ಮೊದಲ ದಿನಕ್ಕೆ ಇಷ್ಟೇ ಸಾಕು. ಕ್ಯಾಂಟೀನು ಪಕ್ಕದ ಊರಿನ ಸ್ತ್ರೀಶಕ್ತಿ ಸಂಘದವರು ಶೆಡ್ಡಿನಲ್ಲಿ ನಡೆಸಲಿ. ಆದರೆ ಗುಡಿಸುವುದು, ತೊಳೆಯುವುದು, ನೀರು ತುಂಬಿಸುವುದು ಟೋಲ್ ವಸೂಲಿ ಮಾಡುವವರ ನಿರ್ವಹಣಾ ಕರಾರಿನೊಳಗೇ ಬರಬೇಕು. ಬೇರೆ ಏಜೆನ್ಸಿಗೆ ಕೊಟ್ಟರೆ ಮೂರು ತಿಂಗಳಲ್ಲಿ ಬೀಗ ಬೀಳುತ್ತದೆ. ಗುಯಿಲಾಳು, ಹೆಬ್ಬಾಳು ಟೋಲ್‌ಗಳಲ್ಲಿ ಫಾಸ್ಟ್‌ಟ್ಯಾಗ್‌ನಿಂದ ದುಡ್ಡು ಕಟ್ ಆಗುವಾಗ, ಆ ದುಡ್ಡಿನಲ್ಲಿ ಒಂದು ಚೊಕ್ಕಟವಾದ ಶೌಚಾಲಯವೂ ಸೇರಿದೆ ಎಂಬ ಭರವಸೆ ಪ್ರಯಾಣಿಕರಿಗೆ ಬೇಕು. ದಾವಣಗೆರೆಯಿಂದ ಬೆಂಗಳೂರಿನ ಆಸ್ಪತ್ರೆಗೆ ಹೋಗುವ ಹೆಣ್ಣುಮಕ್ಕಳು ದಾರಿಯುದ್ದಕ್ಕೂ ಒಂದು ಗುಟುಕು ನೀರು ಕುಡಿಯದೆ ಕೂತಿರುವುದನ್ನು ಪ್ರತಿ ಮನೆಯವರೂ ಬಲ್ಲರು. ಆರು ಪಥದ ರಸ್ತೆ ಮಾಡಿದ ಮೇಲೂ ಇದು ಮುಂದುವರಿದಿದ್ದರೆ ಅದು ವಿನ್ಯಾಸದ ಸೋಲೇ.

ಈಗ ಈ ವಿಷಯ ಎತ್ತಿದ್ದಕ್ಕೆ ಕಾರಣವಿದೆ. ಬೆಂಗಳೂರು–ಪುಣೆ ನಡುವೆ ಸುಮಾರು 700 ಕಿ.ಮೀ. ಉದ್ದದ ಹೊಸ ಎಕ್ಸ್‌ಪ್ರೆಸ್‌ವೇ ಯೋಜನೆಯಲ್ಲಿದ್ದು, ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳೂ ಅದರ ಹಾದಿಯಲ್ಲಿವೆ. ಅದು ಎರಡೂ ಬದಿ ಬೇಲಿ ಹಾಕಿದ, ನಿಗದಿತ ಕಡೆ ಮಾತ್ರ ಒಳಹೊರಗೆ ಬಿಡುವ ರಸ್ತೆ. ಅಲ್ಲಿ ಡಾಬಾ ಇರುವುದಿಲ್ಲ, ಮರದ ನೆರಳೂ ಸಿಗುವುದಿಲ್ಲ. ತಂಗುದಾಣ ಬಿಟ್ಟುಹೋದರೆ ಅದರ ಬದಲಿಗೆ ಇನ್ನೇನೂ ಇಲ್ಲ. ಯಾವ ಊರಿನ ಸರ್ವೆ ನಂಬರುಗಳು 3ಎ ಅಧಿಸೂಚನೆಯಲ್ಲಿ ಬರುತ್ತವೋ ಅಲ್ಲಿನವರು ಆ ಪಟ್ಟಿಯನ್ನು ಜೋಪಾನವಾಗಿ ಓದಬೇಕು. ರಸ್ತೆಗೆಷ್ಟು, ತಂಗುದಾಣಕ್ಕೆಷ್ಟು ಎಂದು ಭೂಸ್ವಾಧೀನಾಧಿಕಾರಿಗಳ ಕಚೇರಿಯಲ್ಲಿ ನಕ್ಷೆ ಬಿಚ್ಚಿಸಿ ನೋಡಬೇಕು. ತಂಗುದಾಣಕ್ಕೆಂದು ಜಮೀನು ಹೋಗುತ್ತಿದ್ದರೆ ಅದನ್ನು ಕಟ್ಟುವ ಜವಾಬ್ದಾರಿ ರಸ್ತೆಯ ಗುತ್ತಿಗೆಯೊಳಗೇ ಇದೆಯೇ ಎಂದು ಕೇಳಬೇಕು. ಜಮೀನಿನಲ್ಲಿ ಹಿತಾಸಕ್ತಿ ಇರುವವರು ಕಲಂ 3ಸಿ ಅಡಿ ಆಕ್ಷೇಪಣೆ ಸಲ್ಲಿಸಲು ಅಧಿಸೂಚನೆ ಪ್ರಕಟವಾದಂದಿನಿಂದ 21 ದಿನ ಅವಕಾಶವಿದೆ. ಅರ್ಜಿ ಲಿಖಿತವಾಗಿಯೇ ಇರಬೇಕು, ಕಾರಣವನ್ನು ಬರೆಯಲೇಬೇಕು, ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಬನ್ನಿ.