ಬ್ಲಡ್ ರಿಪೋರ್ಟ್ ನಾರ್ಮಲ್ ಇದೆ, ಇನ್ನು ವೇಪ್ ಸೇದಿದರೆ ಏನಂತೆ?

ಪ್ರಶ್ನೆ: ನನಗೆ 29 ವರ್ಷ. ತುಮಕೂರಿನ ವಸಂತನರಸಾಪುರದಲ್ಲಿ ಶಿಫ್ಟ್ ಕೆಲಸ. ದಿನಕ್ಕೆ ಹತ್ತು ಸಿಗರೇಟು ಸೇದುತ್ತಿದ್ದೆ. ಏಳೆಂಟು ತಿಂಗಳಿಂದ ವೇಪ್ (ಇ-ಸಿಗರೇಟು) ಹಿಡಿದಿದ್ದೇನೆ, ಟೀ ಜೊತೆ ಮಾತ್ರ ಒಂದೋ ಎರಡೋ ಸಿಗರೇಟು. ಮೊನ್ನೆ ಬ್ಲಡ್ ಟೆಸ್ಟ್ ಮಾಡಿಸಿದೆ, ಎಲ್ಲ ಹೆಚ್ಚೂಕಡಿಮೆ ನಾರ್ಮಲ್. ಹಿಮೋಗ್ಲೋಬಿನ್ 17.4, ಆಕ್ಸಿಜನ್ 98. ಹಾರ್ಟ್‌ಗೆ ತೊಂದರೆ ಇಲ್ಲ ಅಲ್ವಾ?

ಉತ್ತರ: ಆ ಧೈರ್ಯ ನಿಮ್ಮ ರಿಪೋರ್ಟ್ ಕೊಡುವುದಿಲ್ಲ. ನಾನು ಡಾಕ್ಟರ್ ಅಲ್ಲ, ತುಮಕೂರಿನಲ್ಲೇ ವರ್ಷಗಟ್ಟಲೆ ರಕ್ತ ತೆಗೆದ ಲ್ಯಾಬಿನವನು. ನೀವು ಹೆಮ್ಮೆಯಿಂದ ಬರೆದ ಎರಡು ನಂಬರ್‌ಗಳೇ ನನಗೆ ಅನುಮಾನ ತಂದಿದ್ದು.

ಹಿಮೋಗ್ಲೋಬಿನ್ ಅಂದರೆ ರಕ್ತದಲ್ಲಿ ಆಕ್ಸಿಜನ್ ಹೊರುವ ಬಸ್ಸು ಅಂದುಕೊಳ್ಳಿ. ಒಂದೊಂದರಲ್ಲಿ ನಾಲ್ಕು ಸೀಟು. ಸಿಗರೇಟು, ಬೀಡಿ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಹಿಮೋಗ್ಲೋಬಿನ್ ಮೇಲೆ ಆಕ್ಸಿಜನ್‌ಗಿಂತ ಇನ್ನೂರು ಪಟ್ಟಿಗೂ ಜಾಸ್ತಿ ಹಿಡಿತ. ಹಬ್ಬದ ಹಿಂದಿನ ದಿನ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲೋ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡೀತಾರಲ್ಲ, ಅದೇ ಕೆಲಸ. ಕೂತ ಮೇಲೆ ಬೇಗ ಏಳುವುದೂ ಇಲ್ಲ, ಅರ್ಧದಷ್ಟು ಖಾಲಿಯಾಗುವುದಕ್ಕೇ ನಾಲ್ಕೈದು ಗಂಟೆ ಬೇಕು, ಅಷ್ಟರಲ್ಲಿ ನೀವು ಇನ್ನೊಂದು ಹಚ್ಚಿರುತ್ತೀರಿ.

ಸೀಟು ಸಾಲದಾದಾಗ ದೇಹ ಬಸ್ಸಿನ ಸಂಖ್ಯೆಯನ್ನೇ ಹೆಚ್ಚಿಸುತ್ತದೆ. ಕೆಂಪು ಕಣ ಜಾಸ್ತಿ, ಹಿಮೋಗ್ಲೋಬಿನ್ ಜಾಸ್ತಿ. ಗಂಡಸರಿಗೆ ಸಾಮಾನ್ಯವಾಗಿ 13ರಿಂದ 17. ನಿಮ್ಮ 17.4 ನೋಡಿ ಮನೆಯಲ್ಲಿ ‘ರಕ್ತ ಚೆನ್ನಾಗಿದೆ’ ಅಂದಿರಬಹುದು. ಸೇದುವವರಲ್ಲಿ ಈ ನಂಬರ್ ಮೇಲಿದ್ದರೆ ನಾನು ಖುಷಿಪಡುವುದಿಲ್ಲ, ಯಾಕಂದ್ರೆ ಅದರ ಇನ್ನೊಂದು ಅರ್ಥ ರಕ್ತ ಗಟ್ಟಿಯಾಗಿದೆ, ಅದನ್ನು ತಳ್ಳುವ ಹೃದಯಕ್ಕೆ ದುಡಿಮೆ ಹೆಚ್ಚಿದೆ ಅಂತ.

ಇನ್ನು ಆ 98. ಬೆರಳಿಗೆ ಸಿಕ್ಕಿಸುವ ಆ ಪುಟ್ಟ ಯಂತ್ರ ತಲೆ ಎಣಿಸುವ ಕಂಡಕ್ಟರ್ ಇದ್ದ ಹಾಗೆ. ಸೀಟಿನಲ್ಲಿ ಯಾರೋ ಕೂತಿದ್ದಾರೆ ಅನ್ನುವುದಷ್ಟೇ ಅದಕ್ಕೆ ಗೊತ್ತು. ಆಕ್ಸಿಜನ್ನೋ ಕಾರ್ಬನ್ ಮಾನಾಕ್ಸೈಡೋ, ಬೇರೆ ಮಾಡಿ ಹೇಳುವುದಕ್ಕೆ ಬರುವುದಿಲ್ಲ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಈ ಡಬ್ಬಿಯನ್ನು ಸೇದುವವರು ಸರ್ಟಿಫಿಕೇಟ್ ಥರ ತೋರಿಸುತ್ತಾರೆ.

ಆ ರಿಪೋರ್ಟಿನಲ್ಲೇ ಇನ್ನೆರಡು ಸಾಲು ನೋಡಿ. ಬಿಳಿ ರಕ್ತಕಣ 11,000ದ ಆಸುಪಾಸಿನಲ್ಲಿದೆಯಾ? ಎಚ್‌ಡಿಎಲ್ ಅನ್ನುವ ಒಳ್ಳೆಯ ಕೊಲೆಸ್ಟ್ರಾಲ್ 40ಕ್ಕಿಂತ ಕೆಳಗಿದೆಯಾ? ಬೇರೆ ಕಾರಣಕ್ಕೂ ಹಾಗಾಗಬಹುದು. ಆದರೆ ಸೇದುವವರಲ್ಲಿ ಇವೆರಡೂ ಜೊತೆಯಾಗಿ ಕಾಣುವುದು ತುಂಬಾ ಮಾಮೂಲು. ರಕ್ತನಾಳದೊಳಗೆ ಸಣ್ಣಗೆ ಉರಿಯೂತ ಇದೆ ಅನ್ನುವುದರ ಗುರುತಾಗಿರಬಹುದು.

ನಿಜವಾದ ಅಪಾಯ ಮಾತ್ರ ಈ ಕಾಗದದಲ್ಲಿ ಇಲ್ಲವೇ ಇಲ್ಲ. ರಕ್ತ ಹೆಪ್ಪುಗಟ್ಟುವುದಕ್ಕೆ ನೆರವಾಗುವ ಪ್ಲೇಟ್‌ಲೆಟ್ ಕಣಗಳ ಸಂಖ್ಯೆ ಎರಡೂವರೆ ಲಕ್ಷ ಅಂತ ಬರೆದಿರುತ್ತೇವೆ, ಅವು ಒಂದಕ್ಕೊಂದು ಎಷ್ಟು ಅಂಟಿಕೊಳ್ಳುತ್ತಿವೆ ಅಂತ ಬರೆಯುವುದಿಲ್ಲ. ಹೊಗೆ ಅವನ್ನು ಅಂಟುಅಂಟಾಗಿಸುತ್ತದೆ. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಏರುತ್ತದೆ. ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಟ್ಟು ನಾಳವನ್ನು ಸಡಿಲವಾಗಿಡಬೇಕು, ಅದು ಕಡಿಮೆಯಾಗುತ್ತದೆ. ಗೋಡೆಯಲ್ಲಿದ್ದ ಸಣ್ಣ ಕೊಬ್ಬಿನ ಗಂಟು ಒಡೆದು ಅದರ ಮೇಲೆ ಹೆಪ್ಪು ಕಟ್ಟಿದರೆ ಮೊನ್ನೆವರೆಗೂ ಕಬಡ್ಡಿ ಆಡುತ್ತಿದ್ದ ಹುಡುಗನಿಗೂ ಹಾರ್ಟ್ ಅಟ್ಯಾಕ್ ಆಗುತ್ತದೆ, ಹಿಂದಿನ ವಾರದ ರಿಪೋರ್ಟ್ ಏನೇ ಹೇಳಿರಲಿ.

ವೇಪ್ ವಿಷಯಕ್ಕೆ ಬರೋಣ. ಅದರಲ್ಲಿ ಏನೂ ಉರಿಯುವುದಿಲ್ಲ, ಹಾಗಾಗಿ ಕಾರ್ಬನ್ ಮಾನಾಕ್ಸೈಡ್ ತೀರಾ ಕಡಿಮೆ. ಸಿಗರೇಟು ಪೂರ್ತಿ ಬಿಟ್ಟಿದ್ದರೆ ಆ ಮಟ್ಟಿಗೆ ಲಾಭ ಅಂತ ಒಪ್ಪುತ್ತೇನೆ. ಆದರೆ ನಿಕೋಟಿನ್ ಹಾಗೇ ಇದೆ. ಎಳೆದ ಕೆಲವೇ ನಿಮಿಷಕ್ಕೆ ಅಡ್ರಿನಲಿನ್ ಏರಿ ನಾಡಿ, ಬಿಪಿ ಎರಡೂ ಮೇಲೆ ಹೋಗುತ್ತವೆ. ಬೇಕಾದರೆ ಮಣಿಕಟ್ಟಿನಲ್ಲಿ ನೀವೇ ಎಣಿಸಿ ನೋಡಿ, ಎಳೆಯುವ ಮೊದಲು ಒಂದು ನಿಮಿಷ, ಆಮೇಲೆ ಒಂದು ನಿಮಿಷ. ಸಿಗರೇಟಾದರೆ ಒಂದು ಕಡೆ ಮುಗಿಯುತ್ತದೆ, ತುಂಡು ಬಿಸಾಡಬೇಕು. ವೇಪ್‌ಗೆ ಮುಗಿಯೋದು ಅಂತಿಲ್ಲ, ಜೇಬಿನಿಂದ ತೆಗೆದು ದಿನವಿಡೀ ಸುಮ್ನೆ ಎಳೆಯುತ್ತಾ ಇರಬಹುದು. ಜೊತೆಗೆ ಆ ದ್ರವ ಕಾದಾಗ ಫಾರ್ಮಾಲ್ಡಿಹೈಡ್, ಅಕ್ರೋಲಿನ್‌ನಂಥ ವಿಷಗಳು ಹುಟ್ಟುತ್ತವೆ. ಬಿಸಿಯಾಗುವ ತಂತಿಯಿಂದ ನಿಕಲ್, ಕ್ರೋಮಿಯಂನಂಥ ಲೋಹದ ಕಣಗಳೂ ಬರಬಹುದು. ಕರ್ನಾಟಕದಲ್ಲಿ 2016ರಲ್ಲೇ, ದೇಶಕ್ಕೆಲ್ಲ 2019ರಲ್ಲಿ ಇದರ ಮಾರಾಟ ನಿಷೇಧವಾಗಿದೆ. ಅಂದರೆ ನಿಮ್ಮ ಕೈಯಲ್ಲಿರುವುದು ಕದ್ದು ಬಂದ ಮಾಲು, ಒಳಗೆ ನಿಕೋಟಿನ್ ಎಷ್ಟಿದೆ ಅಂತ ಯಾರೂ ಪರೀಕ್ಷಿಸಿಲ್ಲ.

‘ಟೀ ಜೊತೆ ಒಂದೋ ಎರಡೋ’ ಅಂದಿರಲ್ಲ, ನನಗೆ ವೇಪ್‌ಗಿಂತ ಹೆಚ್ಚು ಚಿಂತೆ ಅದರದ್ದೇ. ಇಪ್ಪತ್ತರಿಂದ ಒಂದಕ್ಕೆ ಇಳಿಸಿದರೆ ಅಪಾಯವೂ ಇಪ್ಪತ್ತನೇ ಒಂದು ಪಾಲಿಗೆ ಇಳಿಯುತ್ತದೆ ಅನ್ನುವ ಲೆಕ್ಕ ಹೃದಯದ ವಿಷಯದಲ್ಲಿ ನಡೆಯುವುದಿಲ್ಲ. 2018ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ದಿನಕ್ಕೆ ಒಂದೇ ಸೇದುವವರಿಗೂ ಇಪ್ಪತ್ತು ಸೇದುವವರ ಹೆಚ್ಚುವರಿ ಹೃದಯದ ಅಪಾಯದಲ್ಲಿ ಅರ್ಧದ ಹತ್ತಿರ ಇತ್ತು. ಪ್ಲೇಟ್‌ಲೆಟ್ ಕೆರಳುವುದಕ್ಕೆ ಸ್ವಲ್ಪ ಹೊಗೆಯೇ ಸಾಕು.

ಬಿಟ್ಟರೆ ಮಾತ್ರ ಫಲ ಬೇಗ ಕಾಣುತ್ತದೆ. ಒಂದೆರಡು ದಿನದಲ್ಲಿ ಕಾರ್ಬನ್ ಮಾನಾಕ್ಸೈಡ್ ಹೊರಗೆ. ಒಂದು ವರ್ಷದ ಹೊತ್ತಿಗೆ ಹೃದಯದ ಹೆಚ್ಚುವರಿ ಅಪಾಯ ಸುಮಾರು ಅರ್ಧ. ನಿಕೋಟಿನ್ ಚೂಯಿಂಗ್ ಗಮ್ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ, ಡಾಕ್ಟರ್ ಕೇಳಿ ತಗೊಳ್ಳಿ. 1800-11-2356ಕ್ಕೆ ಫೋನ್ ಮಾಡಿದರೆ ಬಿಡಿಸುವುದಕ್ಕೆ ಸಹಾಯ ಮಾಡುವವರು ಸಿಗುತ್ತಾರೆ, ದುಡ್ಡು ಇಲ್ಲ.

ಇನ್ನೊಂದು ಮಾತು. ಬೆಳಿಗ್ಗೆ ಏಳಕ್ಕೆ ಲ್ಯಾಬ್ ಬಾಗಿಲು ತೆಗೆಯುವಾಗ ಎದುರಿನ ಪೆಟ್ಟಿಗೆ ಅಂಗಡಿ ಹತ್ತಿರ ಒಬ್ಬರಾದರೂ ನಿಂತಿರುತ್ತಾರೆ. ರಾತ್ರಿಯಿಂದ ನೀರು ಬಿಟ್ಟು ಏನೂ ಮುಟ್ಟಿಲ್ಲ ಸಾರ್ ಅಂತಾರೆ, ಕೈಯಲ್ಲಿ ಸಿಗರೇಟು. ಖಾಲಿ ಹೊಟ್ಟೆ ಅಂದರೆ ದಮ್ಮೂ ಇಲ್ಲ, ವೇಪೂ ಇಲ್ಲ. ಬಿಟ್ಟು ಮೂರು ತಿಂಗಳಾದ ಮೇಲೆ ಹಾಗೇ ಬಂದು ಟೆಸ್ಟ್ ಮಾಡಿಸಿ. ಹಿಮೋಗ್ಲೋಬಿನ್ 17.4ರಿಂದ 16ಕ್ಕೆ ಇಳಿದಿದ್ದರೆ ರಕ್ತ ಕಡಿಮೆಯಾಯ್ತು ಅಂತ ದಾಳಿಂಬೆ, ಬೀಟ್‌ರೂಟ್ ತರೋಕೆ ಓಡಬೇಡಿ.